ಉದ್ದ ಬರೀದೆ ಪ್ರೋಟೀನ್ ಎಷ್ಟು ಅಂತ ಮಾತ್ರ ಬರೆದ್ರೆ ಹೆಂಗೆ?

ಯಾವ ಮೀನಲ್ಲಿ ಎಷ್ಟು ಪ್ರೋಟೀನ್ ಅಂತ ಹುಡುಕಿದ್ರೆ ಟೇಬಲ್‌ಗಳಿಗೇನೂ ಬರ ಇಲ್ಲ. ಬಂಗುಡೆ ಇಷ್ಟು, ಬೂತಾಯಿ ಇಷ್ಟು, ಅಂಜಲ್ ಇಷ್ಟು, ಪಾಂಫ್ರೆಟ್ ಇಷ್ಟು, ಅದೂ ದಶಾಂಶ ಚುಕ್ಕಿ ಆದ್ಮೇಲೆ ಎರಡೆರಡು ಅಂಕಿ ಸಮೇತ. ಆದ್ರೆ ಆ ಬಂಗುಡೆ ಎಷ್ಟು ಉದ್ದ ಇತ್ತು, ಎಷ್ಟು ತೂಗ್ತಿತ್ತು, ಹೊಟ್ಟೇಲಿ ಮೊಟ್ಟೆ ಇತ್ತಾ ಇಲ್ವಾ, ಯಾವ ತಿಂಗಳಲ್ಲಿ ಹಿಡಿದಿದ್ದು, ಮುಳ್ಳು ತೆಗೆದು ರುಬ್ಬಿದ್ರಾ ಇಲ್ಲ ಇಡೀ ಮೀನನ್ನೇ ರುಬ್ಬಿದ್ರಾ, ಇದ್ಯಾವುದೂ ಇರಲ್ಲ. ನನಗಂತೂ ಇದು ಹಳೇ ಕಿರಿಕಿರಿ. ಮೀನು ಅಂದ್ರೆ ಫ್ಯಾಕ್ಟರಿಯಲ್ಲಿ ಒಂದೇ ಅಚ್ಚಲ್ಲಿ ತೆಗೆದ ವಸ್ತು ಅಲ್ಲ, ಒಂದೇ ಜಾತಿ ಮೀನು ಮರಿಯಾಗಿದ್ದಾಗ ಒಂಥರ, ಮೊಟ್ಟೆ ಕಟ್ಟಿದಾಗ ಒಂಥರ, ಮೊಟ್ಟೆ ಬಿಟ್ಟು ಸೊರಗಿದಾಗ ಇನ್ನೊಂಥರ. ಹಾಗಾಗಿ ಮೈ ಅಳತೆ ಮತ್ತೆ ಪೋಷಕಾಂಶ ಎರಡನ್ನೂ ಒಟ್ಟಿಗೇ ಬರೀಬೇಕು, ಒಂದನ್ನ ಬಿಟ್ಟು ಇನ್ನೊಂದನ್ನ ಓದಿದ್ರೆ ಅರ್ಥ ಆಗಲ್ಲ ಅನ್ನೋದು ನನ್ನ ವಾದ, ಯಾಕೆ ಅಂತ ಸ್ವಲ್ಪ ಉದ್ದವಾಗೇ ಹೇಳ್ತೀನಿ.

ಮೊದಲು ಅಳತೆ. ಮೀನಿನ ಉದ್ದ ಅಳೆಯೋದು ಅಂದ್ರೆ ಸ್ಕೇಲ್ ಇಟ್ಟು ನೋಡಿದ್ರೆ ಮುಗೀತು ಅಂದ್ಕೋತಾರೆ, ಅಲ್ಲೇ ತಾಪತ್ರಯ ಶುರು. ಉದ್ದದಲ್ಲಿ ಮೂರು ಬಗೆ ಇದೆ. ಮೂತಿ ತುದಿಯಿಂದ ಬಾಲದ ಕಟ್ಟಕಡೆಯ ತುದಿವರೆಗೆ ಅಳೆದ್ರೆ ಅದು ಟೋಟಲ್ ಲೆಂತ್. ಮೂತಿಯಿಂದ ಬಾಲ ಕವಲೊಡೆಯೋ ಜಾಗದ ತನಕ ಅಳೆದ್ರೆ ಫೋರ್ಕ್ ಲೆಂತ್. ಮೂತಿಯಿಂದ ಬೆನ್ನೆಲುಬು ಮುಗಿಯೋ ತನಕ, ಅಂದ್ರೆ ಬಾಲದ ರೆಕ್ಕೆಯನ್ನ ಪೂರ್ತಿ ಬಿಟ್ಟು ಅಳೆದ್ರೆ ಸ್ಟ್ಯಾಂಡರ್ಡ್ ಲೆಂತ್. ಈ ಮೂರನೇದನ್ನ ಹಿಡಿಯೋಕೆ ಒಂದು ಕೈಚಳಕ ಇದೆ: ಬಾಲವನ್ನ ಮೆಲ್ಲಗೆ ಒಂದು ಪಕ್ಕಕ್ಕೆ ಮಡಚಿದ್ರೆ, ಬೆನ್ನೆಲುಬು ಮುಗಿದು ರೆಕ್ಕೆ ಶುರುವಾಗೋ ಕಡೆ ಚರ್ಮದ ಮೇಲೆ ಒಂದು ಮಡಿಕೆ ಗೆರೆ ಏಳತ್ತೆ, ಆ ಗೆರೆ ತನಕ ಅಳೀಬೇಕು. ಅಳತೆ ಹಲಗೆ ಮೇಲೆ ಮೀನನ್ನ ತಲೆ ಎಡಕ್ಕೆ ಬರೋ ಹಾಗೆ ಮಲಗಿಸಿ, ಬಾಯಿ ಮುಚ್ಚಿಸಿ, ಮೂತಿಯನ್ನ ಹಲಗೆಯ ತಡೆಗೆ ತಾಗಿಸಿ, ಬೆನ್ನು ನೇರ ಮಾಡಿ ಆಮೇಲೆ ಓದಬೇಕು. ಬಾಯಿ ತೆಗೆದಿದ್ರೆ ಒಂದೆರಡು ಮಿಲಿಮೀಟರ್ ಅಲ್ಲೇ ಏರುಪೇರು. ಸತ್ತು ಸೆಟೆದುಕೊಂಡ ಮೀನು ಬಿಲ್ಲಿನ ಹಾಗೆ ಬಾಗಿರತ್ತೆ, ಅದನ್ನ ಬಲವಂತವಾಗಿ ನೇರ ಮಾಡೋಕೆ ಹೋದ್ರೆ ಮಾಂಸ ಹರಿಯತ್ತೆ, ಸಡಿಲ ಆಗೋವರೆಗೆ ಕಾಯೋದೇ ವಾಸಿ. ಫಾರ್ಮಲಿನ್‌ನಲ್ಲಿ ಇಟ್ಟ ಮೀನು ಕುಗ್ಗತ್ತೆ, ಫ್ರೀಜರ್‌ನಲ್ಲಿಟ್ಟು ತೆಗೆದ್ರೂ ಸ್ವಲ್ಪ ಕುಗ್ಗತ್ತೆ, ಹಾಗಾಗಿ ತಾಜಾನಾ, ಐಸ್‌ನಲ್ಲಿ ಇಟ್ಟಿದ್ದಾ ಅಂತ ಪಕ್ಕದಲ್ಲಿ ಒಂದು ಮಾತು ಬರೆದಿಡಬೇಕು.

ಎಲ್ಲ ಮೀನಿಗೂ ಈ ಮೂರು ಒಪ್ಪಲ್ಲ ಅನ್ನೋದು ಇನ್ನೊಂದು. ಪಾಂಬೋಳ್ ತಗೊಳ್ಳಿ, ರಿಬ್ಬನ್ ಫಿಶ್, ಅದಕ್ಕೆ ಬಾಲದ ರೆಕ್ಕೆಯೇ ಇಲ್ಲ, ಮೈ ಸಣ್ಣಗಾಗ್ತಾ ಆಗ್ತಾ ದಾರದ ಹಾಗೆ ಮುಗಿಯತ್ತೆ, ಬಲೇಲಿ ಆ ತುದಿ ಆಗಾಗ ಮುರಿದುಹೋಗಿರತ್ತೆ. ಅದಕ್ಕೇ ಅದರಲ್ಲಿ ಮೂತಿಯಿಂದ ಗುದದ್ವಾರದ ತನಕ ಅಳೆಯೋ ಪದ್ಧತಿ. ತೊರಕೆಗೆ (ರೇ ಮೀನು) ಚಾಟಿ ಬಾಲ, ಅದೂ ನಂಬೋ ಹಾಗಿಲ್ಲ, ಹಾಗಾಗಿ ಮೈಯ ಅಗಲ ಅಳೀತಾರೆ. ಟ್ಯೂನಾ ಬಾಲ ಗಟ್ಟಿ, ಅಗಲಕ್ಕೆ ಚಾಚಿಕೊಂಡಿರತ್ತೆ, ಅದಕ್ಕೆ ಫೋರ್ಕ್ ಲೆಂತ್. ಸಿಗಡಿಗೆ ತಲೆಚಿಪ್ಪಿನ ಉದ್ದ. ಇಷ್ಟು ಸಾಕು.

ಈಗ ಯಾವ ಉದ್ದ ಅಂತ ಬರೀದಿದ್ರೆ ಎಷ್ಟು ಅವಾಂತರ ಆಗತ್ತೆ ನೋಡಿ. ಮೀನು ಮೈ ತುಂಬಿಕೊಂಡಿದೆಯಾ ಸೊರಗಿದೆಯಾ ಅಂತ ನೋಡೋಕೆ ಫುಲ್ಟನ್ ಕಂಡೀಷನ್ ಫ್ಯಾಕ್ಟರ್ ಅಂತ ಒಂದು ಸರಳ ಲೆಕ್ಕ ಇದೆ. ಗ್ರಾಂ ತೂಕವನ್ನ 100ರಿಂದ ಗುಣಿಸಿ, ಸೆಂಟಿಮೀಟರ್ ಉದ್ದದ ಘನದಿಂದ ಭಾಗಿಸೋದು, ಅಷ್ಟೇ. 80 ಗ್ರಾಂ ತೂಗೋ ಒಂದು ಮೀನಿಗೆ ಟೋಟಲ್ ಲೆಂತ್ 20 ಸೆಂ.ಮೀ., ಫೋರ್ಕ್ ಲೆಂತ್ 18, ಸ್ಟ್ಯಾಂಡರ್ಡ್ ಲೆಂತ್ 16 ಅಂತ ಇಟ್ಕೊಳ್ಳಿ. ಮೊದಲನೇದರಲ್ಲಿ ಲೆಕ್ಕ ಹಾಕಿದ್ರೆ 1.0 ಬರತ್ತೆ, ಎರಡನೇದರಲ್ಲಿ 1.37, ಮೂರನೇದರಲ್ಲಿ 1.95. ಅದೇ ಮೀನು, ಅದೇ ತಕ್ಕಡಿ, ಅದೇ ಕೈ! ಒಂದು ರಿಪೋರ್ಟ್‌ನಲ್ಲಿ 1.0, ಇನ್ನೊಂದರಲ್ಲಿ 1.95 ನೋಡಿದೋರು ಎರಡನೇ ಜಾಗದ ಮೀನು ಚೆನ್ನಾಗಿ ಮೇಯ್ದು ದಪ್ಪ ಆಗಿದೆ ಅಂತ ತೀರ್ಮಾನ ಮಾಡಿಬಿಟ್ರೆ ಕಥೆ ಮುಗೀತು, ಇಬ್ಬರೂ ಬೇರೆ ಬೇರೆ ಕಡೆ ತನಕ ಅಳೆದಿದ್ದಾರೆ ಅಷ್ಟೇ.

ಉದ್ದಕ್ಕೂ ತೂಕಕ್ಕೂ ಇರೋ ಸಂಬಂಧ ಇದಕ್ಕಿಂತ ಮಜಾ ಇದೆ. ಮೀನು ಆಕಾರ ಬದಲಿಸದೆ ಉದ್ದದಲ್ಲಿ ಎರಡು ಪಟ್ಟು ಬೆಳೆದ್ರೆ ಅಗಲಾನೂ ಎರಡು ಪಟ್ಟು, ದಪ್ಪಾನೂ ಎರಡು ಪಟ್ಟು, ಹಾಗಾಗಿ ತೂಕ ಎಂಟು ಪಟ್ಟು ಆಗತ್ತೆ. 10 ಸೆಂ.ಮೀ. ಮೀನು 10 ಗ್ರಾಂ ಇದ್ರೆ 20 ಸೆಂ.ಮೀ. ಮೀನು 80 ಗ್ರಾಂ. ಆದ್ರೆ ಮೀನುಗಳು ಹೀಗೆ ಲೆಕ್ಕಕ್ಕೆ ಸರಿಯಾಗಿ ಬೆಳಿಯಲ್ಲ. ಅದಕ್ಕೇ ತೂಕ ಅಂದ್ರೆ ಉದ್ದದ ಬಿ ಘಾತ ಇಂಟು ಎ ಅಂತ ಒಂದು ಸೂತ್ರ ಇಟ್ಕೊಂಡಿದ್ದಾರೆ (ಎ, ಬಿ ಅಂದ್ರೆ ಅಳೆದ ಮೀನುಗಳಿಂದಲೇ ಲೆಕ್ಕ ಹಾಕಿ ತೆಗೆಯೋ ಎರಡು ಸಂಖ್ಯೆ), ಈ ಬಿ ಅನ್ನೋದು 3 ಇದ್ರೆ ಆಕಾರ ಹಾಗೇ ಉಳಿಸ್ಕೊಂಡು ಬೆಳೀತಿದೆ ಅಂತ, 3ಕ್ಕಿಂತ ಜಾಸ್ತಿ ಇದ್ರೆ ಬೆಳೀತಾ ಬೆಳೀತಾ ಗುಂಡಗಾಗ್ತಿದೆ ಅಂತ, ಕಡಿಮೆ ಇದ್ರೆ ನೀಳ ಆಗ್ತಿದೆ ಅಂತ. ಸಾಮಾನ್ಯವಾಗಿ 2.5ರಿಂದ 3.5ರ ಒಳಗೇ ಇರತ್ತೆ. ಸಣ್ಣ ವ್ಯತ್ಯಾಸ ಅನ್ಸಬಹುದು, ಆದ್ರೆ ಉದ್ದ ಎರಡು ಪಟ್ಟಾದಾಗ ಬಿ 2.8 ಇದ್ರೆ ತೂಕ ಹೆಚ್ಚುಕಮ್ಮಿ 7 ಪಟ್ಟು, 3.2 ಇದ್ರೆ 9 ಪಟ್ಟು ದಾಟತ್ತೆ. ಎ ಬೆಲೆ ಮೀನಿನ ಆಕಾರ ಹೇಳತ್ತೆ, ಸೆಂಟಿಮೀಟರ್ ಮತ್ತು ಗ್ರಾಂನಲ್ಲಿ ಲೆಕ್ಕ ಹಾಕಿದಾಗ ಬಂಗುಡೆ ಥರದ ಕದಿರಿನ ಆಕಾರದ ಮೀನಿಗೆ 0.01ರ ಆಸುಪಾಸು, ಹಾವಿನ ಥರ ಉದ್ದ ಇರೋದಕ್ಕೆ ಅದಕ್ಕಿಂತ ಬಹಳ ಕಡಿಮೆ, ಪಾಂಫ್ರೆಟ್ ಥರ ತಟ್ಟೆಯಾಕಾರದ್ದಕ್ಕೆ ಜಾಸ್ತಿ. ಇಲ್ಲೂ ಒಂದು ಗುಂಡಿ ಇದೆ: ಮಿಲಿಮೀಟರ್‌ನಲ್ಲಿ ಅಳೆದು ಲೆಕ್ಕ ಹಾಕಿದ್ರೆ ಬಿ 3 ಇರೋ ಮೀನಿನ ಎ 0.01 ಇದ್ದಿದ್ದು 0.00001 ಆಗತ್ತೆ. ಯೂನಿಟ್ ಬರೀದೇ ಎ ಮಾತ್ರ ಬರೆದ ಟೇಬಲ್ ನೋಡಿದ್ರೆ ತಲೆ ಚಚ್ಕೋಬೇಕು ಅನ್ಸತ್ತೆ.

ಮತ್ತೆ ಒಂದು ಮಾತು, ಈ ಉದ್ದ ತೂಕದ ಗ್ರಾಫ್ ಹಾಕಿ ಆರ್ ಸ್ಕ್ವೇರ್ (ಗೆರೆಗೆ ಬಿಂದುಗಳು ಎಷ್ಟು ಹತ್ತಿರ ಕೂತಿವೆ ಅನ್ನೋ ಸಂಖ್ಯೆ, ಪೂರ್ತಿ ಹೊಂದಿದ್ರೆ 1) 0.98 ಬಂತು ಅಂತ ಹೆಮ್ಮೆಪಡೋರನ್ನ ನೋಡಿ ನಗು ಬರತ್ತೆ. ಉದ್ದ ಜಾಸ್ತಿ ಇರೋ ಮೀನು ಜಾಸ್ತಿ ತೂಗತ್ತೆ ಅನ್ನೋದಕ್ಕೆ 0.98 ಬರದೆ ಇನ್ನೇನು ಬರತ್ತೆ? ಮರಿಯಿಂದ ಹಿಡಿದು ದೊಡ್ಡದರವರೆಗೆ ಎಲ್ಲ ಸೈಜೂ ಇದ್ರೆ ಆ ಸಂಖ್ಯೆ ತಾನಾಗೇ ಮೇಲೆ ಹೋಗತ್ತೆ. ನೋಡ್ಬೇಕಾಗಿರೋದು ಬಿ ಬೆಲೆ ಎಷ್ಟು ನಂಬಬಹುದು ಅನ್ನೋದನ್ನ, ಒಂದೇ ಸೈಜಿನ ಮೀನೇ ತುಂಬಿದ್ರೆ ಬಿ ಎತ್ತೆತ್ತಲೋ ಓಡಾಡತ್ತೆ. ಬಲೆಯ ಕಣ್ಣು ಒಂದೇ ಅಳತೆ ಇದ್ರೆ ಸಿಗೋದೂ ಒಂದೇ ಅಳತೆ ಮೀನೇ ತಾನೆ.

1951ರಲ್ಲಿ ಲೆ ಕ್ರೆನ್ ಅನ್ನೋರು ಇಂಗ್ಲೆಂಡಿನ ವಿಂಡರ್‌ಮಿಯರ್ ಸರೋವರದ ಪರ್ಚ್ ಮೀನಿನ ಮೇಲೆ ಬರೆದ ಪೇಪರ್ ಇವತ್ತಿಗೂ ಎಲ್ಲರೂ ಉಲ್ಲೇಖಿಸ್ತಾರೆ. ಘನದ ಲೆಕ್ಕ ಎಲ್ಲ ಮೀನಿಗೂ ಹೊಂದಲ್ಲ, ಆ ಮೀನಿನದೇ ಎ ಮತ್ತು ಬಿ ಬಳಸಿ ಈ ಉದ್ದಕ್ಕೆ ಎಷ್ಟು ತೂಕ ಇರಬೇಕಿತ್ತು ಅಂತ ನೋಡಿ, ನಿಜವಾದ ತೂಕವನ್ನ ಅದರಿಂದ ಭಾಗಿಸಿ ಅಂತ ಅವರ ಲೆಕ್ಕ. 1ಕ್ಕಿಂತ ಜಾಸ್ತಿ ಬಂದ್ರೆ ತನ್ನ ಸೈಜಿನ ಬೇರೆ ಮೀನುಗಳಿಗಿಂತ ಮೈತುಂಬಿಕೊಂಡಿದೆ ಅಂತ. ಇದು ನನಗೆ ಹೆಚ್ಚು ನ್ಯಾಯ ಅನ್ಸತ್ತೆ, ಪಾಂಫ್ರೆಟನ್ನೂ ಪಾಂಬೋಳನ್ನೂ ಒಂದೇ ಘನದಲ್ಲಿ ಅಳೆಯೋದು ಯಾವ ನ್ಯಾಯ ಹೇಳಿ.

ಮೈ ಉದ್ದ, ತೂಕ ಅಷ್ಟೇ ಅಲ್ಲ, ತಲೆ ಉದ್ದ, ಕಣ್ಣಿನ ವ್ಯಾಸ, ಮೈ ಎತ್ತರ, ಬೆನ್ನಿನ ರೆಕ್ಕೆ ಶುರುವಾಗೋ ದೂರ, ಇವನ್ನೆಲ್ಲ ಕ್ಯಾಲಿಪರ್‌ನಲ್ಲಿ ಅಳೀತಾರೆ. ರೆಕ್ಕೆಯ ಮುಳ್ಳು ಎಷ್ಟು, ಕಿವಿರಿನ ಹಲ್ಲು ಎಷ್ಟು, ಪಕ್ಕದ ಗೆರೆಯಲ್ಲಿ ಹುರುಪೆ ಎಷ್ಟು ಅಂತ ಎಣಿಸೋದು ಬೇರೆ ವಿಭಾಗ. ಒಂದೇ ಜಾತಿಯ ಮೀನು ಒಂದೇ ಗುಂಪಾ, ಬೇರೆ ಬೇರೆ ಗುಂಪಾ ಅಂತ ಹೇಳೋಕೆ ಇದು ಹಳೇ ದಾರಿ, ಜರ್ಮನಿಯ ಹೈಂಕೆ 1898ರಷ್ಟು ಹಿಂದೆಯೇ ಹೆರಿಂಗ್ ಮೀನಿನ ಗುಂಪುಗಳನ್ನ ಹೀಗೆ ಅಳೆದು ಎಣಿಸಿ ಬೇರ್ಪಡಿಸಿದ್ರು. 1982ರಲ್ಲಿ ಸ್ಟ್ರಾಸ್ ಮತ್ತು ಬುಕ್‌ಸ್ಟೈನ್ ಟ್ರಸ್ ಅಂತ ಒಂದು ವಿಧಾನ ತಂದ್ರು, ಮೈ ಮೇಲೆ ಗುರುತಿನ ಬಿಂದುಗಳನ್ನ ಇಟ್ಟು ಅಡ್ಡ ಉದ್ದ ಓರೆ ಎಲ್ಲ ದೂರಾನೂ ಅಳೆಯೋದು, ಈಗ ಫೋಟೋ ತೆಗೆದು ಕಂಪ್ಯೂಟರಲ್ಲೇ ಮಾಡ್ತಾರೆ. ಇದರಲ್ಲಿ ನನಗೆ ಇಷ್ಟ ಆದ ವಿಷಯ ಏನಂದ್ರೆ ತಣ್ಣೀರಲ್ಲಿ ಬೆಳೆದ ಮೀನಿಗೆ ಬೆನ್ನೆಲುಬಿನ ಮಣಿಗಳು ಸಾಮಾನ್ಯವಾಗಿ ಜಾಸ್ತಿ, ಬಿಸಿ ನೀರಿನದಕ್ಕೆ ಕಡಿಮೆ, ಮೊಟ್ಟೆಯೊಳಗೆ ಮರಿ ರೂಪುಗೊಳ್ಳೋವಾಗಿನ ನೀರಿನ ಬಿಸಿಯ ಪ್ರಭಾವ ಇದರಲ್ಲಿ ಇದೆ. ಅಂದ್ರೆ ಹುಟ್ಟೋ ಮೊದಲಿನ ಹವಾಮಾನ ಮೀನಿನ ಬೆನ್ನಲ್ಲೇ ಬರೆದಿರತ್ತೆ. ಇರಲಿ, ಇದು ಪೋಷಕಾಂಶದ ಕಡೆ ಹೋಗೋ ದಾರಿ ಅಲ್ಲ.

ಪೋಷಕಾಂಶಕ್ಕೆ ಬರೋಣ. ಮೀನಿನ ಮಾಂಸದಲ್ಲಿ ನೀರೇ ಸಿಂಹಪಾಲು, ಸಾಮಾನ್ಯವಾಗಿ ಶೇ. 65ರಿಂದ 80. ಪ್ರೋಟೀನ್ ಹೆಚ್ಚುಕಡಿಮೆ ಶೇ. 15ರಿಂದ 22. ಬೂದಿ, ಅಂದ್ರೆ ಒಟ್ಟು ಖನಿಜ, ಬರೀ ಮಾಂಸದಲ್ಲಿ ಶೇ. 1ರಿಂದ 1.5. ಕಾರ್ಬೋಹೈಡ್ರೇಟ್ ಲೆಕ್ಕಕ್ಕೇ ಇಲ್ಲ. ಉಳಿದಿದ್ದು ಕೊಬ್ಬು, ಅಸಲಿ ಆಟ ಆಡೋದು ಇದೇ, ಅರ್ಧ ಪರ್ಸೆಂಟಿಂದ 20 ದಾಟೋವರೆಗೂ ಹೋಗತ್ತೆ. ಕೊಬ್ಬು ಮತ್ತು ನೀರು ತಕ್ಕಡಿಯ ಎರಡು ತಟ್ಟೆ ಥರ, ಒಂದು ಏರಿದ್ರೆ ಇನ್ನೊಂದು ಇಳಿಯತ್ತೆ, ಎರಡನ್ನೂ ಕೂಡಿಸಿದ್ರೆ ಬಹಳಷ್ಟು ಮೀನುಗಳಲ್ಲಿ 80ರ ಹತ್ತಿರ ಬರತ್ತೆ. ಎಷ್ಟರಮಟ್ಟಿಗೆ ಅಂದ್ರೆ ಕೊಬ್ಬಿನ ಮೀನಿನಲ್ಲಿ ನೀರಿನ ಅಂಶ ಮಾತ್ರ ಅಳೆದು 80ರಿಂದ ಕಳೆದ್ರೆ ಕೊಬ್ಬು ಎಷ್ಟು ಅಂತ ಒಂದು ಅಂದಾಜು ಸಿಕ್ಕೇಬಿಡತ್ತೆ, ಮೀನಿನ ಮೈಗೆ ಒತ್ತಿ ಹಿಡಿದು ಕೊಬ್ಬು ತೋರಿಸೋ ಫ್ಯಾಟ್‌ಮೀಟರ್ ಕೂಡ ಒಳಗೆ ಅಳೆಯೋದು ನೀರನ್ನೇ.

ಈಗ ಹೇಳಿ, ಬೂತಾಯಿಯಲ್ಲಿ ಕೊಬ್ಬು ಎಷ್ಟು? ಪ್ರಶ್ನೆಯೇ ಅರ್ಧ. ಯಾವಾಗ ಹಿಡಿದಿದ್ದು ಅಂತ ಮೊದಲು ಕೇಳಬೇಕು. ಬೂತಾಯಿ, ಹೆರಿಂಗ್ ಥರದ ಮೀನು ತಿನ್ನೋಕೆ ಚೆನ್ನಾಗಿ ಸಿಗೋ ಕಾಲದಲ್ಲಿ ಎಣ್ಣೆ ಶೇಖರಿಸ್ಕೊಂಡು, ಮೊಟ್ಟೆ ಬೆಳೆಸೋಕೆ ಅದನ್ನ ಖರ್ಚು ಮಾಡಿ, ಮೊಟ್ಟೆ ಇಟ್ಟ ಮೇಲೆ ಬಡಕಲಾಗತ್ತೆ. ಹೆರಿಂಗ್‌ನಲ್ಲಿ ವರ್ಷದೊಳಗೇ ಶೇ. 1ರ ಆಸುಪಾಸಿನಿಂದ 20ರ ತನಕ ಕೊಬ್ಬು ಹತ್ತಿ ಇಳಿಯೋದು ಉಂಟು. ವಾರ್ಷಿಕ ಸರಾಸರಿ ಅಂತ ಒಂದೇ ಸಂಖ್ಯೆ ಬರೆದ್ರೆ ಅದು ಯಾವ ತಿಂಗಳ ಮೀನಿಗೂ ಹೊಂದಲ್ಲ. ಪ್ರೋಟೀನ್ ಮಾತ್ರ ಪಾಪ ಇಷ್ಟೆಲ್ಲ ಕುಣಿಯಲ್ಲ, ತೀರಾ ಹಸಿದು ಸೊರಗಿದಾಗ ಮಾತ್ರ ಇಳಿಯತ್ತೆ.

ಇಲ್ಲೇ ನೋಡಿ ಅಳತೆ ಮತ್ತು ಪೋಷಕಾಂಶ ಒಂದಕ್ಕೊಂದು ಮೋಸ ಮಾಡೋದು. ಕಂಡೀಷನ್ ಫ್ಯಾಕ್ಟರ್ ಜಾಸ್ತಿ ಇದ್ರೆ ಕೊಬ್ಬು ಜಾಸ್ತಿ ಅಂತ ಅನ್ಕೊಳ್ಳೋದು ಸಹಜ. ಆದ್ರೆ ಕೊಬ್ಬು ಖರ್ಚಾದಾಗ ಆ ಜಾಗಕ್ಕೆ ನೀರು ಬಂದು ಕೂರತ್ತೆ, ಹಾಗಾಗಿ ತೂಕ ಅಂದ್ಕೊಂಡಷ್ಟು ಇಳಿಯಲ್ಲ, ಮೀನು ಹೊರಗಿಂದ ದಷ್ಟಪುಷ್ಟ, ಒಳಗೆ ಬರೀ ನೀರು. ಮೇಲಿಂದ ಮೊಟ್ಟೆ ಚೀಲದ ತೂಕ ಬೇರೆ, ಹೊಟ್ಟೆ ತುಂಬ ತಿಂದಿದ್ರೆ ಅದರ ತೂಕ ಬೇರೆ. ಅದಕ್ಕೇ ಹೊಟ್ಟೆ ಭಾಗ ತೆಗೆದ ಮೇಲಿನ ತೂಕ ಒಂದು, ಮೊಟ್ಟೆ ಚೀಲದ ತೂಕ ಒಂದು, ಬೇರೆ ಬೇರೆ ಬರೆದಿಡಿ ಅಂತ ನಾನು ಸಿಕ್ಕಿದವರಿಗೆಲ್ಲ ಹೇಳ್ತಿರ್ತೀನಿ. ತೂಗೋ ಮೊದಲು ಮೈ ಒರೆಸಿ, ಬಾಯಿ ಕಿವಿರಲ್ಲಿ ನಿಂತ ನೀರು ಚೆಲ್ಲಿ, ಸಣ್ಣ ಮೀನಿಗೆ ಆ ನೀರೇ ಒಂದೆರಡು ಗ್ರಾಂ ಆಗಿ ಲೆಕ್ಕ ಕೆಡಿಸತ್ತೆ.

ಯಾವ ಭಾಗದ ಮಾಂಸ ಅನ್ನೋದೂ ಮುಖ್ಯ. ಬಂಗುಡೆಯನ್ನ ಅಡ್ಡ ಕತ್ತರಿಸಿ ನೋಡಿ, ಬಿಳಿ ಮಾಂಸದ ನಡುವೆ ಚರ್ಮದ ಕೆಳಗೆ ಪಕ್ಕದ ಗೆರೆಯ ಉದ್ದಕ್ಕೂ ಕಡು ಕಂದು ಬಣ್ಣದ ಪಟ್ಟಿ ಕಾಣತ್ತೆ. ನಿಲ್ಲದೇ ಈಜೋಕೆ ಅಂತಲೇ ಇರೋ ಸ್ನಾಯು ಅದು, ಅದರಲ್ಲಿ ಕೊಬ್ಬೂ ಜಾಸ್ತಿ, ಕಬ್ಬಿಣವೂ ಜಾಸ್ತಿ. ಹೊಟ್ಟೆ ಕಡೆಯ ತೆಳು ಮಾಂಸದಲ್ಲಿ ಕೊಬ್ಬು ಜಾಸ್ತಿ, ಬಾಲದ ಕಡೆ ಕಡಿಮೆ. ಬೆನ್ನಿನ ಬಿಳಿ ಮಾಂಸದ ಒಂದು ತುಂಡು ಮಾತ್ರ ತೆಗೆದು ಇಡೀ ಮೀನಿನ ಹೆಸರಲ್ಲಿ ರಿಸಲ್ಟ್ ಬರೆದ್ರೆ ಆಯ್ತಾ? ಕಾಡ್ ಥರದ ಮೀನಂತೂ ಕೊಬ್ಬನ್ನೆಲ್ಲ ಲಿವರ್‌ನಲ್ಲಿ ಇಟ್ಕೊಳ್ಳತ್ತೆ, ಮಾಂಸದಲ್ಲಿ ಶೇ. 1ಕ್ಕಿಂತ ಕಡಿಮೆ, ಲಿವರ್‌ನಲ್ಲಿ ಅರ್ಧಕ್ಕರ್ಧ ಎಣ್ಣೆ.

ಪ್ರೋಟೀನ್ ಅಳೆಯೋ ರೀತಿ ಬಗ್ಗೆ ಹೇಳಲೇಬೇಕು, ಯಾಕಂದ್ರೆ ಹೆಚ್ಚಿನವರಿಗೆ ಗೊತ್ತಿರಲ್ಲ, ಬಹುಪಾಲು ಲ್ಯಾಬ್‌ಗಳಲ್ಲಿ ನೇರವಾಗಿ ಪ್ರೋಟೀನ್ ಅಳೆಯೋದೇ ಇಲ್ಲ. 1883ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಜೋಹಾನ್ ಜೆಲ್ಡಾಲ್ ಕಂಡುಹಿಡಿದ ವಿಧಾನವೇ ಇವತ್ತಿಗೂ ನಡೀತಿದೆ. ಮಾಂಸದ ತುಣುಕಿಗೆ ಸಲ್ಫ್ಯೂರಿಕ್ ಆಸಿಡ್ ಮತ್ತೆ ತಾಮ್ರದ ಸಲ್ಫೇಟ್ ಥರದ ಕ್ಯಾಟಲಿಸ್ಟ್ ಹಾಕಿ ಕುದಿಸ್ತಾರೆ, ಮೊದಲು ಇದ್ದಿಲಿನ ಹಾಗೆ ಕಪ್ಪಾಗಿ ನೊರೆ ಬರತ್ತೆ, ಗಂಟೆಗಟ್ಟಲೆ ಕುದಿದ ಮೇಲೆ ತಿಳಿಯಾಗಿ ತೆಳು ನೀಲಿ ಹಸಿರು ಬಣ್ಣಕ್ಕೆ ತಿರುಗತ್ತೆ. ತಣ್ಣಗಾದ ಮೇಲೆ ಕಾಸ್ಟಿಕ್ ಸೋಡಾ ಹಾಕಿ ಭಟ್ಟಿ ಇಳಿಸಿದ್ರೆ ಅಮೋನಿಯಾ ಬಂದು ಬೋರಿಕ್ ಆಸಿಡ್‌ನಲ್ಲಿ ಸಿಕ್ಕಿಕೊಳ್ಳತ್ತೆ, ಗುಲಾಬಿ ಇದ್ದ ದ್ರಾವಣ ಹಸಿರಾಗತ್ತೆ, ಅದನ್ನ ಮತ್ತೆ ಆಸಿಡ್ ಹನಿಸಿ ಗುಲಾಬಿಗೆ ತಂದ್ರೆ ನೈಟ್ರೋಜನ್ ಎಷ್ಟು ಅಂತ ಸಿಕ್ತು. ಪ್ರೋಟೀನ್‌ನಲ್ಲಿ ಸರಿಸುಮಾರು ಶೇ. 16 ನೈಟ್ರೋಜನ್ ಅಂತ ಇಟ್ಕೊಂಡು 6.25ರಿಂದ ಗುಣಿಸ್ತಾರೆ, ಅದೇ ಟೇಬಲ್‌ನಲ್ಲಿರೋ ಪ್ರೋಟೀನ್.

ಅಂದ್ರೆ ನೈಟ್ರೋಜನ್ ಎಲ್ಲಿಂದ ಬಂದ್ರೂ ಅದು ಪ್ರೋಟೀನ್ ಅಂತಲೇ ಲೆಕ್ಕ. ಸಾಮಾನ್ಯ ಮೀನಿಗೆ ಇದರಿಂದ ದೊಡ್ಡ ನಷ್ಟ ಇಲ್ಲ, ಆದ್ರೆ ಶಾರ್ಕ್ ಮತ್ತು ತೊರಕೆ ವಿಷಯ ಬೇರೆ. ಇವು ಸಮುದ್ರದ ಉಪ್ಪಿನ ಒತ್ತಡ ತಾಳಿಕೊಳ್ಳೋಕೆ ಮೈಯಲ್ಲೇ ಯೂರಿಯಾ ತುಂಬಿಕೊಂಡಿರ್ತವೆ, ಮಾಂಸದಲ್ಲಿ ಶೇ. 1ರಿಂದ 2ರ ಆಸುಪಾಸು. ಯೂರಿಯಾದಲ್ಲಿ ಶೇ. 46 ದಾಟಿ ನೈಟ್ರೋಜನ್ ಇದೆ. 100 ಗ್ರಾಂ ಮಾಂಸದಲ್ಲಿ 2 ಗ್ರಾಂ ಯೂರಿಯಾ ಇದ್ರೆ ನೈಟ್ರೋಜನ್ 0.93 ಗ್ರಾಂ, 6.25ರಿಂದ ಗುಣಿಸಿ, ಹತ್ತಿರಹತ್ತಿರ 5.8 ಗ್ರಾಂ ಇಲ್ಲದ ಪ್ರೋಟೀನ್ ಹುಟ್ಟಿಕೊಳ್ಳತ್ತೆ! ಟೇಬಲ್‌ನಲ್ಲಿ ಶಾರ್ಕ್‌ಗೆ ಬಂಗುಡೆಗಿಂತ ಜಾಸ್ತಿ ಪ್ರೋಟೀನ್ ಅಂತ ನೋಡಿದಾಗ ಹುಬ್ಬೇರಿಸೋ ಮೊದಲು ಯೂರಿಯಾ ಕಳೆದಿದ್ದಾರಾ ಅಂತ ನೋಡಿ. ಆ ಶಾರ್ಕ್ ಹಳತಾದಾಗ ಮೂಗಿಗೆ ಹೊಡೆಯೋ ಅಮೋನಿಯಾ ವಾಸನೆ ಬರೋದೂ ಇದೇ ಯೂರಿಯಾದಿಂದ, ಬ್ಯಾಕ್ಟೀರಿಯಾ ಒಡೆದಾಗ.

ಕೊಬ್ಬಿನ ಟೆಸ್ಟ್‌ನಲ್ಲೂ ಹೀಗೇ. ಸಾಕ್ಸ್‌ಲೆಟ್ ಉಪಕರಣ 1879ರದ್ದು, ಈಥರ್ ಥರದ ದ್ರಾವಕದಲ್ಲಿ ಮತ್ತೆ ಮತ್ತೆ ತೊಳೆದು ಎಣ್ಣೆ ತೆಗೆಯೋದು. ಎಣ್ಣೆ ಜಾಸ್ತಿ ಇರೋ ಬೂತಾಯಿಗೆ ಇದು ಸಾಕು. ಆದ್ರೆ ಕೊಬ್ಬು ಕಡಿಮೆ ಇರೋ ಮೀನಲ್ಲಿ ಇರೋ ಅಷ್ಟಿಷ್ಟು ಕೊಬ್ಬಿನ ಬಹುಪಾಲು ಜೀವಕೋಶದ ಪೊರೆಯ ಫಾಸ್ಫೊಲಿಪಿಡ್, ಅದು ಈಥರ್‌ಗೆ ಸುಲಭವಾಗಿ ಬಿಟ್ಟುಕೊಡಲ್ಲ. 1959ರಲ್ಲಿ ಕೆನಡಾದ ಬ್ಲೈ ಮತ್ತು ಡೈಯರ್ ಕ್ಲೋರೋಫಾರ್ಮ್ ಮೆಥನಾಲ್ ಬೆರೆಸಿ ಮಾಡೋ ವಿಧಾನ ಕೊಟ್ಟಿದ್ದು ಕಾಡ್ ಮೀನಿನ ಮಾಂಸದ ಮೇಲೆಯೇ. ಒಂದೇ ಟೇಬಲ್‌ನಲ್ಲಿ ಕೆಲವು ಮೀನು ಆ ವಿಧಾನ, ಕೆಲವು ಈ ವಿಧಾನ ಅಂತ ಬೆರೆಸಿದ್ರೆ ಹೋಲಿಕೆ ಮಾಡೋಕೆ ಆಗಲ್ಲ.

ಆಮೇಲೆ ಒಣ ತೂಕದ ಗೊಂದಲ. ಇದು ಓದೋರಿಗೆ ಅತಿ ಹೆಚ್ಚು ಮೋಸ ಮಾಡೋದು ಅಂತ ನನ್ನ ಅಭಿಪ್ರಾಯ. ಒಂದು ಮೀನು ತಗೊಳ್ಳಿ, ನೀರು 78, ಪ್ರೋಟೀನ್ 18.5, ಕೊಬ್ಬು 2, ಬೂದಿ 1.3. ಇನ್ನೊಂದು ಮೀನು, ನೀರು 68, ಪ್ರೋಟೀನ್ 18, ಕೊಬ್ಬು 12.5, ಬೂದಿ 1.4. ಹಸಿ ಮಾಂಸದಲ್ಲಿ ಎರಡರ ಪ್ರೋಟೀನೂ ಹೆಚ್ಚುಕಮ್ಮಿ ಒಂದೇ. ಈಗ ನೀರು ತೆಗೆದು ಒಣ ತೂಕಕ್ಕೆ ಲೆಕ್ಕ ಹಾಕಿ, ಮೊದಲನೇದು ಶೇ. 84 ಪ್ರೋಟೀನ್, ಎರಡನೇದು ಶೇ. 56! ಇದನ್ನ ನೋಡಿ ಎರಡನೇ ಮೀನಲ್ಲಿ ಪ್ರೋಟೀನೇ ಇಲ್ಲ ಅಂತ ಪೋಸ್ಟರ್ ಮಾಡಿ ಹಂಚೋರು ಇದ್ದಾರೆ. ಶಕ್ತಿ ಲೆಕ್ಕದಲ್ಲಿ ಮಾತ್ರ ನಿಜವಾಗಿ ವ್ಯತ್ಯಾಸ ಇದೆ, ಪ್ರೋಟೀನ್‌ಗೆ ಗ್ರಾಂಗೆ 4, ಕೊಬ್ಬಿಗೆ 9 ಕಿಲೋಕ್ಯಾಲರಿ ಹಿಡಿದ್ರೆ ಮೊದಲನೇದು 100 ಗ್ರಾಂಗೆ 92, ಎರಡನೇದು ಅದರ ಎರಡು ಪಟ್ಟು. ಹಸಿ ಲೆಕ್ಕದ ಟೇಬಲ್ ಆದ್ರೆ ನೀರು, ಪ್ರೋಟೀನ್, ಕೊಬ್ಬು, ಬೂದಿ ಕೂಡಿಸಿ ನೋಡಿ, 97ರಿಂದ 103ರೊಳಗೆ ಬಂದ್ರೆ ಪರವಾಗಿಲ್ಲ, 90 ಅಥವಾ 110 ಬಂದ್ರೆ ಎಲ್ಲೋ ಎಡವಟ್ಟಾಗಿದೆ.

ಒಮೆಗಾ-3 ಟೇಬಲ್‌ಗಳಲ್ಲಿ ಇದೇ ಮೋಸ ಬೇರೆ ವೇಷ ಹಾಕ್ಕೊಂಡು ಬರತ್ತೆ. ಡಿಎಚ್‌ಎ (ಒಮೆಗಾ-3ರ ಒಂದು ಬಗೆ) ಇಷ್ಟು ಪರ್ಸೆಂಟ್ ಅಂತ ಬರೆದಿರ್ತಾರೆ, ಅದು ಮೀನಿನ ಪರ್ಸೆಂಟ್ ಅಲ್ಲ, ಒಟ್ಟು ಫ್ಯಾಟಿ ಆಸಿಡ್‌ನ ಪರ್ಸೆಂಟ್. ಕೊಬ್ಬು ಶೇ. 1 ಇರೋ ಮೀನಲ್ಲಿ ಡಿಎಚ್‌ಎ ಶೇ. 30, ಕೊಬ್ಬು ಶೇ. 12 ಇರೋ ಮೀನಲ್ಲಿ ಡಿಎಚ್‌ಎ ಶೇ. 12 ಅಂತಿದ್ರೆ ಯಾವುದು ಮೇಲು? ಕಡಿಮೆ ಕೊಬ್ಬಿನ ಮೀನಿನ ಕೊಬ್ಬಲ್ಲಿ ಫ್ಯಾಟಿ ಆಸಿಡ್ ಪಾಲು ಸುಮಾರು 0.7, ಜಾಸ್ತಿ ಕೊಬ್ಬಿನದರಲ್ಲಿ ಸುಮಾರು 0.9 ಅಂತ ಹಿಡಿದು ಗುಣಿಸಿದ್ರೆ ಮೊದಲನೇದರಲ್ಲಿ 100 ಗ್ರಾಂಗೆ 0.21 ಗ್ರಾಂ, ಎರಡನೇದರಲ್ಲಿ 1.3 ಗ್ರಾಂ. ಪರ್ಸೆಂಟ್‌ನಲ್ಲಿ ಗೆದ್ದಿದ್ದು ಗ್ರಾಂನಲ್ಲಿ ಆರು ಪಟ್ಟು ಸೋತಿದೆ. ಅಂದಹಾಗೆ ಈ ಡಿಎಚ್‌ಎ, ಇನ್ನೊಂದು ಒಮೆಗಾ-3 ಆದ ಇಪಿಎ, ಇವನ್ನ ಮೀನು ತಾನೇ ಹೆಚ್ಚೇನೂ ತಯಾರಿಸಲ್ಲ, ಕಣ್ಣಿಗೆ ಕಾಣದ ಡಯಾಟಮ್ ಥರದ ಪಾಚಿಗಳು ತಯಾರಿಸಿದ್ದು ಆಹಾರದ ಮೂಲಕ ಹತ್ತಿ ಬರೋದು, ಹಾಗಾಗಿ ಸಮುದ್ರದಲ್ಲಿ ಪಾಚಿ ಯಾವಾಗ ಉಕ್ಕತ್ತೆ ಅನ್ನೋದೇ ಮೀನಿನ ಒಮೆಗಾ-3 ಎಷ್ಟು ಅನ್ನೋದನ್ನ ಬಹಳಷ್ಟು ನಿರ್ಧರಿಸತ್ತೆ.

ಖನಿಜದ ವಿಷಯಕ್ಕೆ ಬಂದ್ರೆ ಸೈಜಿನ ಮಹತ್ವ ನೇರವಾಗಿ ಕಾಣೋದು ಇಲ್ಲೇ. ದೊಡ್ಡ ಮೀನಲ್ಲಿ ಮುಳ್ಳು ಬಿಟ್ಟು ಮಾಂಸ ಮಾತ್ರ ತಿನ್ನೋದು, ಅದರಲ್ಲಿ ಕ್ಯಾಲ್ಸಿಯಂ 100 ಗ್ರಾಂಗೆ ಹತ್ತಾರು ಮಿಲಿಗ್ರಾಂ ಅಷ್ಟೇ. ಸಣ್ಣ ಮೀನನ್ನ ಮುಳ್ಳು ಸಮೇತ ತಿಂದ್ರೆ ಅದು ನೂರಾರು ಆಗತ್ತೆ, ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯಲ್ಲಿ ಮುಳ್ಳು ಸಮೇತದ ಡಬ್ಬಿ ಸಾರ್ಡೀನ್‌ಗೆ 382 ಮಿಲಿಗ್ರಾಂ ಇದೆ. ಹಾಗಾಗಿ ಬೂದಿಯ ಅಂಕಿ ನೋಡಿದ್ರೇ ಅರ್ಧ ಪತ್ತೇದಾರಿ ಕೆಲಸ ಮುಗಿಯತ್ತೆ, ಹಸಿ ಮೀನಿಗೆ ಶೇ. 1.2 ಇದ್ರೆ ಬರೀ ಮಾಂಸ, 3 ಅಥವಾ 4 ಇದ್ರೆ ಮುಳ್ಳೂ ರುಬ್ಬಿದ್ದಾರೆ, ರಿಪೋರ್ಟ್‌ನಲ್ಲಿ ಬರೀದಿದ್ರೂ ಬೂದಿ ಬಾಯಿಬಿಡತ್ತೆ. 2019ರಲ್ಲಿ ಕ್ರಿಸ್ಟಿನಾ ಹಿಕ್ಸ್ ಮತ್ತು ಜೊತೆಗಾರರು ನೇಚರ್ ಪತ್ರಿಕೆಯಲ್ಲಿ 350ಕ್ಕೂ ಹೆಚ್ಚು ಸಮುದ್ರ ಮೀನು ಜಾತಿಗಳ ಪೋಷಕಾಂಶ ಒಟ್ಟು ಹಾಕಿ ಬರೆದಿದ್ರು. ಉಷ್ಣವಲಯದ ಮೀನುಗಳಲ್ಲಿ ಕ್ಯಾಲ್ಸಿಯಂ, ಕಬ್ಬಿಣ, ಸತು ಜಾಸ್ತಿ, ಸಣ್ಣ ಜಾತಿಗಳಲ್ಲಿ ಕ್ಯಾಲ್ಸಿಯಂ, ಕಬ್ಬಿಣ, ಒಮೆಗಾ-3 ಜಾಸ್ತಿ, ತಣ್ಣೀರಿನ ಮೀನುಗಳಲ್ಲಿ ಒಮೆಗಾ-3 ಜಾಸ್ತಿ ಅಂತ ಅದರಲ್ಲಿ ಬಂತು. ದೊಡ್ಡ ಮೀನೇ ಶ್ರೇಷ್ಠ, ಕೊಲ್ಲತರು (ಆಂಚೋವಿ) ಥರದ ಸಣ್ಣದು ಏನೂ ಇಲ್ಲದವರಿಗೆ ಅನ್ನೋ ಮನೋಭಾವ ಇರೋರು ಇದನ್ನ ಒಮ್ಮೆ ಓದಬೇಕು.

ಉದ್ದದ ಜೊತೆ ಏರೋ ಇನ್ನೊಂದು ವಸ್ತು ಪಾದರಸ. ಮೀನಲ್ಲಿ ಸೇರೋ ಪಾದರಸದ ರೂಪ ಮೀಥೈಲ್ ಮರ್ಕ್ಯುರಿ, ಅದು ಮೀನಿನ ಮೈಗೆ ಬಂದಷ್ಟು ಬೇಗ ಹೊರಗೆ ಹೋಗಲ್ಲ, ಹಾಗಾಗಿ ವಯಸ್ಸಾದ ಹಾಗೆ, ಉದ್ದ ಆದ ಹಾಗೆ ಕೂಡ್ತಾ ಹೋಗತ್ತೆ, ಬೇರೆ ಮೀನು ತಿನ್ನೋ ಜಾತಿಗಳಲ್ಲಿ ಇನ್ನೂ ಜಾಸ್ತಿ. ಇದು ಕೊಬ್ಬಲ್ಲಿ ಇರಲ್ಲ, ಮಾಂಸದ ಪ್ರೋಟೀನ್‌ಗೇ ಅಂಟಿಕೊಂಡಿರತ್ತೆ, ಹಾಗಾಗಿ ಚರ್ಮ ಸುಲಿದು ಕೊಬ್ಬು ತೆಗೆದ್ರೆ ಹೋಗತ್ತೆ ಅನ್ನೋದು ಸುಳ್ಳು. ಒಂದೇ ಜಾತಿಯ 40 ಸೆಂ.ಮೀ. ಮೀನಿನದೂ 120 ಸೆಂ.ಮೀ. ಮೀನಿನದೂ ಪ್ರೋಟೀನ್ ಕಾಲಂ ಹೆಚ್ಚುಕಮ್ಮಿ ಒಂದೇ ತೋರಿಸಬಹುದು, ಪಾದರಸದ ಕಾಲಂ ಪೂರ್ತಿ ಬೇರೆ ಕಥೆ ಹೇಳತ್ತೆ, ಉದ್ದದ ಕಾಲಂ ಇಲ್ಲದಿದ್ರೆ ಆ ಕಥೆ ಯಾಕೆ ಹಾಗಿದೆ ಅಂತ ಗೊತ್ತಾಗೋದೇ ಇಲ್ಲ.

ಕಾಲೇಜು ಪ್ರಾಜೆಕ್ಟ್ ಮಾಡ್ತಿರೋ ಹುಡುಗ ಹುಡುಗಿಯರು ಯಾರಾದ್ರೂ ಇದನ್ನ ಓದ್ತಿದ್ರೆ ಒಂದು ಕೋರಿಕೆ. ಸರಾಸರಿ ಪ್ಲಸ್ ಮೈನಸ್ ಇಷ್ಟು ಅಂತ ಪ್ರಿಂಟ್ ಹಾಕಿಸಿ ಬೈಂಡ್ ಮಾಡಿದ ಮೇಲೆ ಒದ್ದೆ ಕೈಯಲ್ಲಿ ಬರೆದ ಆ ಕಚ್ಚಾ ಹಾಳೆಗಳನ್ನ ರದ್ದಿಗೆ ಹಾಕಬೇಡಿ. ಒಂದೊಂದು ಮೀನಿಗೂ ಒಂದು ನಂಬರ್, ಮೂರೂ ಉದ್ದ, ಇಡೀ ತೂಕ, ಹೊಟ್ಟೆ ತೆಗೆದ ತೂಕ, ಗಂಡೋ ಹೆಣ್ಣೋ, ಮೊಟ್ಟೆ ಯಾವ ಹಂತ, ಹಿಡಿದ ತಾರೀಕು, ಯಾವ ಬಲೆ, ಯಾವ ಭಾಗದ ಮಾಂಸ ಟೆಸ್ಟಿಗೆ ಕಳಿಸಿದ್ದು, ಇಷ್ಟನ್ನ ಸ್ಪ್ರೆಡ್‌ಶೀಟ್‌ಗೆ ಹಾಕಿ ರಿಪೋರ್ಟ್ ಕೊನೇಲಿ ಸೇರಿಸಿಬಿಡಿ. ಸರಾಸರಿಯಿಂದ ಬೇರೆಯವರು ಎ, ಬಿ ವಾಪಸ್ ತೆಗೆಯೋಕೆ ಆಗಲ್ಲ, ಆ ಸ್ಪ್ರೆಡ್‌ಶೀಟ್ ಇದ್ರೆ ಹತ್ತು ನಿಮಿಷದ ಕೆಲಸ.